ಬರೀ ಗಾಳಿಯ ಎಣಿಕೆ

ಅಂಕೋಲೆಯ ಕೇಣಿಯಲ್ಲಿ ಮಂಗೇಶನ ಮನೆಯ ಹಿಂದಿನ ಶೆಡ್ಡಿನಲ್ಲಿ ನಕ್ಷತ್ರ ಹುಟ್ಟಿದ್ದು ಒಂದು ಭಾನುವಾರ ಮಧ್ಯಾಹ್ನ, ಬಂಗಡೆ ಸಾರಿನ ಊಟ ಮುಗಿಸಿ ಕೇರಿಯೆಲ್ಲ ಅಡ್ಡಾದ ಹೊತ್ತಿನಲ್ಲಿ. ಲಿಂಬೆಹಣ್ಣಿನ ಗಾತ್ರದ ತಂತಿಯ ಗೂಡು, ಅದರ ನಡುವೆ ನೇರಳೆ ಬಣ್ಣದ ಬೆಳಕಿನ ಒಂದು ಚುಕ್ಕೆ. ಯಂತ್ರದ ಕ್ಯಾಮೆರಾಕ್ಕೆ ಜೋಡಿಸಿ ಚಿರೇಕಲ್ಲಿನ ಗೋಡೆಯ ಈಚೆಗಿಟ್ಟ ಹಳೇ ಟಿವಿಯಲ್ಲಿ ಅದನ್ನು ಕಂಡ ಮಂಗೇಶ, "ಆಯೀ, ಓ ಆಯೀ, ಓಡಿ ಬಾ ಇಲ್ಲಿ!" ಎಂದು ತಾಯಿಯನ್ನು ಕೂಗಿದ. ಹೆಂಡತಿ ಪೂರ್ಣಿಮಾಳನ್ನು ಕೂಗಲಿಲ್ಲ. ಕೂಗುವ ಅಗತ್ಯವೂ ಇರಲಿಲ್ಲ ಅನ್ನಿ, ಅವಳು ಅವನ ಮಗ್ಗುಲಲ್ಲೇ ಗ್ಯಾಸಿನ ವಾಲ್ವಿನ ಮೇಲೆ ಎರಡು ಬೆರಳಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ಆ ಬೆರಳು ಕೂದಲೆಳೆಯಷ್ಟು ಆಚೀಚೆ ಆಗಿದ್ದರೂ ನಕ್ಷತ್ರ ಆರಿಹೋಗುತ್ತಿತ್ತು. ಆದರೂ ಗಂಡ ತನ್ನತ್ತ ಒಮ್ಮೆ ತಿರುಗಿ ನೋಡಬಹುದಿತ್ತು ಎಂದು ಅವಳಿಗೆ ಅನಿಸಿತು. ಅವನು ನೋಡಲಿಲ್ಲ.

ಮಂಗೇಶ ಕಾರವಾರದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಲ್ಯಾಬಿನ ಸಹಾಯಕ. ಅದಕ್ಕೂ ಮುಂಚೆ ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ರಿಪೇರಿ ಮಾಡಿಕೊಂಡಿದ್ದ. ಪಂಪು, ಪೈಪು, ವಾಲ್ವು ಅಂದರೆ ಅವನ ಕೈ ತಾನಾಗಿ ಓಡುತ್ತಿತ್ತು. ಕಾಲೇಜಿನ ಲೆಕ್ಚರರುಗಳು ಅವನನ್ನು "ಏ ಮಂಗೇಶ, ಆ ಸ್ಟೂಲ್ ತಾ" ಎಂದು ಕರೆಯುತ್ತಿದ್ದರು. ಹದಿನಾಲ್ಕು ವರ್ಷ ಸ್ಟೂಲು ತಂದುಕೊಟ್ಟವನು ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಅವನ ಸಿಟ್ಟಿಗೆ ಸಿಕ್ಕುತ್ತಿದ್ದವಳು ಹೆಂಡತಿ ಒಬ್ಬಳೇ. ಹಗಲೆಲ್ಲ ಕಾಲೇಜಿನಲ್ಲಿ ನುಂಗಿಕೊಂಡದ್ದನ್ನು ಅವನು ಅವಳ ಮೇಲೆ ಕಾರುತ್ತಿದ್ದ. ಇದನ್ನು ಕೇಳಿ ಅವನ ಬಗ್ಗೆ ಮರುಕ ಪಡುವವರು ಪಡಲಿ. ನನಗಂತೂ ಆಗುವುದಿಲ್ಲ.

ಹಾಗೆ ಸ್ಟೂಲು ಹೊತ್ತವನಿಗೆ ಹಿಡಿದ ಹುಚ್ಚೇ ಈ ಯಂತ್ರ. ಗಟ್ಟಿ ಸ್ಟೀಲಿನ ಒಂದು ಪಾತ್ರೆ. ಅದರೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿ ತೆಗೆಯಬೇಕು. ಆಮೇಲೆ ಡ್ಯುಟೀರಿಯಂ ಎಂಬ ಗ್ಯಾಸನ್ನು ಒಂದು ಉಸಿರಿನಷ್ಟು ಒಳಗೆ ಬಿಟ್ಟು, ನಡುವಿನ ತಂತಿಯ ಗೂಡಿಗೆ ಭಾರೀ ವೋಲ್ಟೇಜಿನ ಕರೆಂಟು ಕೊಡಬೇಕು. ಆಗ ಗ್ಯಾಸಿನ ಕಣಗಳು ಗೂಡಿನೊಳಕ್ಕೆ ನುಗ್ಗಿ ಒಂದಕ್ಕೊಂದು ಡಿಕ್ಕಿ ಹೊಡೆದು ಬೆಸೆದುಕೊಳ್ಳುತ್ತವೆ. ಸೂರ್ಯನ ಹೊಟ್ಟೆಯಲ್ಲಿ ನಡೆಯುವ ಕೆಲಸವೂ ಇಂಥದೇ. ಬೆಸೆದುಕೊಂಡಾಗ ನ್ಯೂಟ್ರಾನು ಹಾರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕೌಂಟರ್ ಇಟ್ಟು ಎಣಿಸಬೇಕು. ನೇರಳೆ ಬೆಳಕು ಯಾರ ಪಾತ್ರೆಯಲ್ಲಾದರೂ ಬಂದೀತು, ನ್ಯೂಟ್ರಾನು ಎಣಿಸಿ ತೋರಿಸಿದವನೇ ಗೆದ್ದವನು. ಮನೆಯಲ್ಲೇ ಹೀಗೆ ಮಾಡುವ ಹುಚ್ಚರು ಜಗತ್ತಿನ ತುಂಬ ಇದ್ದರು. ಗೆದ್ದವರ ಹೆಸರಿನ ಒಂದು ಪಟ್ಟಿ ಇಂಟರ್‌ನೆಟ್ಟಿನಲ್ಲಿತ್ತು, ಬರೀ ನಕ್ಷತ್ರ ಹೊತ್ತಿಸಿದವರದ್ದು ಅದರ ಕೆಳಗೆ ಇನ್ನೊಂದು. ಮಂಗೇಶನ ಕಣ್ಣು ಮೇಲಿನ ಪಟ್ಟಿಯ ಮೇಲೆ.

ಪೂರ್ಣಿಮಾಳ ಕಣ್ಣೂ ಅದರ ಮೇಲೇ ಇತ್ತು, ಅದು ಯಾರಿಗೂ ಗೊತ್ತಿರಲಿಲ್ಲ ಅಷ್ಟೆ.

ಅವಳು ಮಾಜಾಳಿಯ ಮೀನುಗಾರರ ಮನೆಯ ಹುಡುಗಿ. ಹತ್ತನೇ ಕ್ಲಾಸಿನ ತನಕ ಓದಿದವಳು, ಎಂಟು ವರ್ಷದವಳಿದ್ದಾಗಿಂದ ಬಲೆ ಹೆಣೆದವಳು. ಅವಳ ತವರಿನ ದಂಡೆಯಲ್ಲಿ ರಂಪಣಿ ಬಲೆ ಎಳೆಯುವಾಗ ಒಂದು ಕಟ್ಟಳೆಯಿತ್ತು. ಹಗ್ಗಕ್ಕೆ ಕೈ ಹಚ್ಚಿದ ಎಲ್ಲರಿಗೂ ಪಾಲು. ಬಲೆ ಯಾರದೇ ಇರಲಿ, ದೋಣಿ ಯಾರದೇ ಇರಲಿ, ಕಡೇ ಗಳಿಗೆಯಲ್ಲಿ ಓಡಿಬಂದು ಎಳೆದ ಮುದುಕಿಗೂ ಒಂದು ಹಿಡಿ ಮೀನು ಕೊಡದೆ ಯಾರೂ ಬುಟ್ಟಿ ಎತ್ತುತ್ತಿರಲಿಲ್ಲ. ಇದು ಅವಳ ರಕ್ತದಲ್ಲಿತ್ತು. ಎಲ್ಲ ಕಡೆಯೂ ಹೀಗೇ ಇರುತ್ತದೆ ಎಂದು ಅವಳು ತಿಳಿದಿದ್ದಳು.

ಅವಳು ಹಚ್ಚಿದ್ದು ಬರೀ ಕೈಯಲ್ಲ. ಆ ತಂತಿಯ ಗೂಡು ಇದೆಯಲ್ಲ, ಅದನ್ನು ಮಂಗೇಶ ಸ್ಕ್ರೂ ಹಾಕಿ, ಬೆಸುಗೆ ಹಾಕಿ ಹತ್ತೊಂಬತ್ತು ಸಲ ಕೆಡಿಸಿದ್ದ. ಕಾದಾಗ ಬೆಸುಗೆ ಕರಗುತ್ತಿತ್ತು, ಗೂಡು ಸೊಟ್ಟಗಾಗುತ್ತಿತ್ತು. ಇಪ್ಪತ್ತನೆಯದನ್ನು ಪೂರ್ಣಿಮಾ ಬಲೆ ಹೆಣೆಯುವ ಸೂಜಿಯಿಂದ, ಬಲೆಯ ಗಂಟೇ ಹಾಕಿ, ಬೆಸುಗೆಯ ಹಂಗಿಲ್ಲದೆ ಕಟ್ಟಿದಳು. ಅದು ಬಿಳಿಯಾಗಿ ಕಾದರೂ ಅಲುಗಲಿಲ್ಲ. ಪಾತ್ರೆಗೆ ಎಲ್ಲಿಂದ ಗಾಳಿ ನುಗ್ಗುತ್ತಿದೆ ಎಂದು ಹುಡುಕಿದವಳೂ ಅವಳೇ. ಒಂದೊಂದು ಜೋಡಣೆಯ ಮೇಲೂ ಸ್ಪಿರಿಟ್ಟಿನ ಹನಿ ಬಿಟ್ಟು ಮೀಟರಿನ ಮುಳ್ಳು ನೋಡುವುದು, ಮುಳ್ಳು ಜಿಗಿದರೆ ಅಲ್ಲೇ ತೂತು. ಐದು ತಿಂಗಳು ಹುಡುಕಿ ಹನ್ನೊಂದು ತೂತು ಮುಚ್ಚಿದಳು. ಸ್ಪಿರಿಟ್ಟಿಗೆ ಅವಳ ಬೆರಳುಗಳ ತುದಿ ಸುಲಿದು, ಮೀನು ಹಸನು ಮಾಡುವಾಗ ಉಪ್ಪು ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಗೂಡು ಗಟ್ಟಿ ನಿಂತ ದಿನ ಮಂಗೇಶನ ಮನಸ್ಸು ಎಂದೂ ಇಲ್ಲದಷ್ಟು ಹಗುರಾಗಿತ್ತು. ಆಗ ಅವಳು ಕೇಳಿದ್ದಳು, "ಪಟ್ಟಿಗೆ ಹೆಸರು ಕಳ್ಸುವಾಗ ನಂದೂ ಹಾಕ್ತೀರಾ?"

"ಆಗ್ಲಿ ಮಾರಾಯ್ತಿ. ಇಬ್ಬರದ್ದೂ ಹಾಕುವಾ" ಎಂದಿದ್ದ.

ಆ ಒಂದು ಮಾತನ್ನು ಅವಳು ಒಂದು ವರ್ಷ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದಳು.

ನಕ್ಷತ್ರ ಹುಟ್ಟಿದ ಎರಡು ವಾರಕ್ಕೆ ನ್ಯೂಟ್ರಾನಿನ ಕೌಂಟರೂ ಬಂತು. ಮೇಣದ ದಪ್ಪ ಕವಚದೊಳಗೆ ಕೂತ ಒಂದು ಉದ್ದನೆಯ ಕೊಳವೆ, ಅದಕ್ಕೊಂದು ಎಣಿಸುವ ಪೆಟ್ಟಿಗೆ. ಅದರ ವೈರಿಂಗನ್ನು ಮಾತ್ರ ಮಂಗೇಶ ಯಾರಿಗೂ ಮುಟ್ಟಗೊಡದೆ ತಾನೇ ಮಾಡಿದ. ಕೇಣಿಯ ಉಸುಕಿನಲ್ಲಿ ಅರ್ಥಿಂಗ್ ಸರಿಯಾಗಿ ಸಿಕ್ಕುವುದಿಲ್ಲ, ಸಿಕ್ಕುವುದು ಬಾವಿಗಿಳಿದ ಕಬ್ಬಿಣದ ಪೈಪಿನಲ್ಲಿ ಮಾತ್ರ. ದಂಡೆಯಲ್ಲಿ ಒಂದೇ ಗಟ್ಟಿ ಗೂಟಕ್ಕೆ ನಾಲ್ಕು ದೋಣಿ ಕಟ್ಟಿ ಅಭ್ಯಾಸವಿದ್ದ ಮನುಷ್ಯ, ಭಾರೀ ಕರೆಂಟಿನ ಅರ್ಥಿಂಗನ್ನೂ ಕೌಂಟರಿನ ಅರ್ಥಿಂಗನ್ನೂ ಆ ಒಂದೇ ಪೈಪಿಗೆ ಬಿಗಿದು ಕೈ ಒರೆಸಿಕೊಂಡ.

ಯಂತ್ರ ಶುರುಮಾಡಿದರೆ ಕೌಂಟರ್ ಕುಣಿಯತೊಡಗಿತು. ನಿಮಿಷಕ್ಕೆ ನಲವತ್ತು, ಐವತ್ತೈದು, ಅರವತ್ತು. ಆರಿಸಿದರೆ ಒಂದೋ ಎರಡೋ. ಮಂಗೇಶ ತಾಯಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದ. ತಾಯಿ ನಾಗಿ ಅಂಕೋಲೆ ಪೇಟೆಯಲ್ಲಿ ಮೀನು ಮಾರುವವಳು. ಏನೆಂದು ತಿಳಿಯದಿದ್ದರೂ ಮಗನ ತಲೆ ನೇವರಿಸಿ ಅತ್ತಳು. ಪೂರ್ಣಿಮಾಳಿಗೂ ಅಳು ಬಂತು. ಅವಳು ಅಳುವನ್ನು ನುಂಗಿ ಟಿವಿಯ ಮೇಲಿನ ಧೂಳು ಒರೆಸಿದಳು.

ಮೂರು ದಿನದ ಮೇಲೆ ಅವನು ಫೋನಿನಲ್ಲಿ ಪಟ್ಟಿಗೆ ಕಳಿಸುವ ಅರ್ಜಿ ತುಂಬುತ್ತಿದ್ದಾಗ ಅವಳು ಹಿಂದಿನಿಂದ ಇಣುಕಿದಳು. ಹೆಸರಿನ ಜಾಗದಲ್ಲಿ ಮಂಗೇಶ ಎಂದಿತ್ತು, ಊರು ಅಂಕೋಲಾ ಎಂದಿತ್ತು, ಅಲ್ಲಿಗೆ ಮುಗಿದಿತ್ತು.

"ನಂದು?" ಎಂದಳು.

"ನಿಂದೆಂತದು?"

"ಹೆಸರು. ಹಾಕ್ತೆ ಅಂದಿದ್ರಲ್ಲಾ ನೀವು."

ಮಂಗೇಶ ನಗಾಡಿದ. ಬೈದಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳು, ಆದರೆ ಅವನು ನಿಜಕ್ಕೂ ತಮಾಷೆ ಕಂಡವನ ಹಾಗೆ ನಕ್ಕ. "ಇದು ವಿಜ್ಞಾನದ ಪಟ್ಟಿ, ಪೂರ್ಣಿ. ಮನೆಮಂದಿ ಹೆಸರೆಲ್ಲಾ ಬರ್ಸೂಕೆ ರೇಶನ್ ಕಾರ್ಡಲ್ಲ" ಎಂದು, ಈ ಮಾತು ತಾಯಿಗೂ ಕೇಳಲಿ ಎಂದು ಇನ್ನೊಮ್ಮೆ ಜೋರಾಗಿ ಹೇಳಿದ. ಒಳಗಿಂದ ನಾಗಿಯ ನಗುವೂ ಕೇಳಿಬಂತು.

ಆಮೇಲೆ ಪೇಪರಿನ ಉಮೇಶ ಕ್ಯಾಮೆರಾ ಹಿಡಿದು ಬಂದ. ಪೂರ್ಣಿಮಾಳಿಗೆ ಚಾ ಮಾಡುವ ಕೆಲಸ ಸಿಕ್ಕಿತು. ಫೋಟೋ ತೆಗೆಯುವಾಗ ಪಾತ್ರೆಯ ಬೋಲ್ಟು ಸಡಿಲಾಗಿತ್ತೆಂದು ಅವಳು ಪಾನಾ ಹಿಡಿದು ಬಿಗಿ ಮಾಡುತ್ತಿದ್ದಳು. "ಅಕ್ಕಾ, ಸ್ವಲ್ಪ ಬದಿಗೆ ಹೋಗಿ" ಎಂದ ಉಮೇಶ. ಮರುವಾರ ಪೇಪರಿನಲ್ಲಿ 'ಏಕಾಂಗಿಯಾಗಿ ಸೂರ್ಯನನ್ನು ಹಿಡಿದ ಕೇಣಿಯ ಮಂಗೇಶ' ಎಂದು ಬಂತು. ಫೋಟೋದ ಅಂಚಿನಲ್ಲಿ ಹಸಿರು ಬಳೆಯ ಒಂದು ಕೈ ಮೊಣಕೈವರೆಗೆ ಉಳಿದಿತ್ತು. ನಾಗಿ ಆ ಪೇಪರನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಪೇಟೆಗೆ ಒಯ್ದು, ಮೀನು ಕೊಳ್ಳಲು ಬಂದವರಿಗೆಲ್ಲ ತೋರಿಸಿದಳು. ಈ ಕೈ ಯಾರದ್ದು ಎಂದು ಒಬ್ಬಳು ಕೇಳಿದಳಂತೆ. ಯಾರೋ ಕೆಲಸದವಳದ್ದು ಎಂದಳಂತೆ ನಾಗಿ. ಅದನ್ನು ಸಂಜೆ ಮನೆಗೆ ಬಂದು ಸೊಸೆಯ ಮುಂದೆಯೇ ಹೇಳಿ ನಕ್ಕಳು.

ಆದರೂ ಪೂರ್ಣಿಮಾಳ ಆಸೆ ಸಾಯಲಿಲ್ಲ. ಯಾಕೆಂದರೆ ಅರ್ಜಿ ಕಳಿಸಿದ ಮಾತ್ರಕ್ಕೆ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ, ತಿಳಿದವರೊಬ್ಬರು ಖುದ್ದಾಗಿ ಬಂದು ನೋಡಿ ಬರೆದುಕೊಡಬೇಕು. ಹಾಗೆ ಬರೆದುಕೊಡಲು ಒಪ್ಪಿದವರು ಕಾರವಾರದಲ್ಲಿ ನೆಲೆಸಿದ್ದ ವೈಜಯಂತಿ ಮೇಡಂ, ಉತ್ತರದ ಯಾವುದೋ ದೊಡ್ಡ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ವಿಜ್ಞಾನಿ. ಹೆಂಗಸು. ಆ ಹೆಂಗಸು ಗೂಡಿನ ಗಂಟು ನೋಡಿದರೆ ಯಾರ ಕೈಯೆಂದು ಕೇಳದೆ ಇರುವುದಿಲ್ಲ ಎಂದು ಪೂರ್ಣಿಮಾ ನಂಬಿದಳು. ಅವರು ಬರಲು ಇನ್ನೂ ಹದಿನೈದು ದಿನವಿತ್ತು.

ಅಷ್ಟರ ತನಕ ದಿನಾ ಒಂದು ತಾಸು ಯಂತ್ರ ಓಡಿಸಿ ಎಣಿಕೆ ಬರೆದಿಡಬೇಕೆಂದು ಮಂಗೇಶನ ಅಪ್ಪಣೆಯಾಯಿತು. ಅವನು ಎಂಟೂವರೆಯ ಬಸ್ಸಿಗೆ ಕಾರವಾರಕ್ಕೆ ಹೋದ ಮೇಲೆ ಓಡಿಸುವವಳು ಇವಳೇ. ಕೆಲಸದವಳ ಕೈ ಅದಕ್ಕೆ ಆಗುತ್ತಿತ್ತು.

ಎಂಟು ದಿನ ಉಳಿದಿದ್ದಾಗ ಒಂದು ಮಂಗಳವಾರ ಅವಳು ಎಂದಿನಂತೆ ನಕ್ಷತ್ರ ಹೊತ್ತಿಸಿ ಎಣಿಕೆ ಬರೆದುಕೊಂಡಳು. ಐವತ್ತೆರಡು. ನಲವತ್ತೊಂಬತ್ತು. ಐವತ್ತೇಳು. ಆರಿಸಿ ಎದ್ದು ಹೋಗಿ ಗ್ಯಾಸಿನ ಸಿಲಿಂಡರ್ ಮುಚ್ಚಲು ನೋಡಿದರೆ ಅದು ಮೊದಲೇ ಮುಚ್ಚಿತ್ತು. ಗ್ಯಾಸು ವ್ಯರ್ಥವಾಗದಿರಲೆಂದು ಮಂಗೇಶ ಹಿಂದಿನ ದಿನ ಅದರ ಬಾಯನ್ನು ಬಿಗಿಯಾಗಿ ತಿರುವಿದ್ದ, ಅವಳು ತೆರೆಯಲು ಮರೆತಿದ್ದಳು. ಹಾಗಾದರೆ ಪಾತ್ರೆಯೊಳಗೆ ಉರಿದದ್ದು ಏನು? ಒಂದು ಜೋಡಣೆ ಸಡಿಲಾಗಿ ಹೊರಗಿನ ಗಾಳಿ ಒಳಗೆ ಜಿನುಗುತ್ತಿತ್ತು. ನಕ್ಷತ್ರ ಹೊತ್ತಿದ್ದು ಅದರಿಂದ. ಬರೀ ಗಾಳಿ, ನಾವು ನೀವು ಉಸಿರಾಡುವುದು. ಈ ಪಾತ್ರೆಯಲ್ಲಿ ಗಾಳಿಯನ್ನು ಎಷ್ಟು ಕುಟ್ಟಿದರೂ ಅದು ಬೆಸೆಯುವುದಿಲ್ಲ, ಅದರಿಂದ ನ್ಯೂಟ್ರಾನು ಹಾರುವುದಿಲ್ಲ. ಇಷ್ಟು ಅವಳಿಗೆ ಗೊತ್ತಿತ್ತು.

ಆದರೆ ಕೌಂಟರ್ ಐವತ್ತೇಳು ಎಣಿಸಿತ್ತು.

ಅವಳು ಇನ್ನೊಮ್ಮೆ ಬರೀ ಗಾಳಿಯಲ್ಲಿ ಓಡಿಸಿದಳು, ನಲವತ್ತೆಂಟು. ಮತ್ತೊಮ್ಮೆ, ಅರವತ್ತು. ಗ್ಯಾಸು ಬಿಟ್ಟು ಓಡಿಸಿದಳು, ಅದೇ ಐವತ್ತು, ಅದೇ ಅರವತ್ತು. ಕೌಂಟರ್ ಎಣಿಸುತ್ತಿದ್ದದ್ದು ನ್ಯೂಟ್ರಾನನ್ನಲ್ಲ, ಕರೆಂಟಿನ ಗಲಾಟೆಯನ್ನು. ಒಳಗೆ ಕಿಡಿ ಹಾರಿದಾಗೆಲ್ಲ ಅದು ಬೆಚ್ಚಿ ಒಂದೊಂದು ಲೆಕ್ಕ ಹಾಕುತ್ತಿತ್ತು. ಅವಳು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ತಾರೀಖು, ಗಂಟೆ ಸಹಿತ ಬರೆದಳು. ಬರೆಯುವಾಗ ಅವಳಿಗೆ ಗಂಡನ ಮೇಲೆ ಕನಿಕರವೇ ಬಂತು, ಸುಳ್ಳು ಹೇಳಲಾರೆ.

ಸಂಜೆ ಅವನು ಶರ್ಟು ಬಿಚ್ಚುವ ಮೊದಲೇ ಹೇಳಿದಳು. ನೋಟ್‌ಬುಕ್ ತೆರೆದು ತೋರಿಸಿದಳು.

ಮಂಗೇಶ ಎರಡು ಸಾಲು ಓದಿ ಮುಚ್ಚಿದ. ಅವನ ಮುಖ ಬಿಳಚಿಕೊಂಡದ್ದನ್ನು ಅವಳು ನೋಡಿದಳು. ಅಂದರೆ ಅವನಿಗೆ ಅರ್ಥವಾಗಿತ್ತು, ಅರ್ಥವಾದದ್ದೇ ಅವನನ್ನು ಕೆರಳಿಸಿತು. "ಸಿಲಿಂಡರ್ ಬಾಯಿ ಬಿಟ್ಟಿತ್ತೋ ಇಲ್ಲೋ ಹೇಳಿ ನೋಡೂಕೆ ಬರದವಳು ನಂಗೆ ನ್ಯೂಟ್ರಾನ್ ಕಲಿಸ್ತೀಯಾ? ಹೆಸರು ಹಾಕಲಿಲ್ಲ ಅಂತ ಹೇಳಿ ಈ ಆಟ ಹೂಡಿದ್ದೀ ಅಲ್ಲಾ?"

"ಆಟ ಅಲ್ಲ. ನೀವೇ ಒಂದ್ಸಲ ಗ್ಯಾಸ್ ಮುಚ್ಚಿ ನೋಡಿ."

"ಗಂಡ ಮೇಲೆ ಬರೂದು ಕಂಡ್ರೆ ಹೊಟ್ಟೆ ಉರೀತದೆ ಕೆಲವರಿಗೆ" ಎಂದು ನಾಗಿ ಒಳಗಿಂದ ಸೇರಿಸಿದಳು.

ಮಂಗೇಶ ಬಚ್ಚಲಿಗೆ ಹೋಗಿ ನೀರೊಲೆಯ ಬೆಂಕಿಗೆ ನೋಟ್‌ಬುಕ್ಕನ್ನು ಹಾಕಿದ. ಆಮೇಲೆ ಹೆಂಡತಿಯನ್ನು ತಾಯಿಯ ಮುಂದೆ ನಿಲ್ಲಿಸಿ, "ನಂಗೆ ಎಣಿಸೂಕೆ ಬರೂದಿಲ್ಲ, ನಂದು ತಪ್ಪಾಯ್ತು ಅಂತ ಹೇಳು" ಎಂದ. ಅವಳು ಹೇಳಿದಳು. ಕೇಳಲಿಲ್ಲ ಎಂದ. ಅವಳು ಇನ್ನೊಮ್ಮೆ ಹೇಳಿದಳು. ಮೂವತ್ತೆಂಟು ವರ್ಷದ ಹೆಂಗಸು, ಹನ್ನೊಂದು ತೂತು ಮುಚ್ಚಿದವಳು, ಮೀನಿನ ಬುಟ್ಟಿಯ ಪಕ್ಕ ನಿಂತು ಶಾಲೆಯ ಮಕ್ಕಳ ಹಾಗೆ ಎರಡು ಸಲ ಒಪ್ಪಿಸಿದಳು. ನಾಗಿ ಎಲೆಗೆ ಸುಣ್ಣ ಹಚ್ಚುತ್ತ, ಆಯ್ತು ಬಿಡು ತಮಾ, ಇನ್ನು ಬುದ್ಧಿ ಬಂತು ಎಂದಳು.

ಪೂರ್ಣಿಮಾ ಆ ಮೇಲೆ ಎಂಟು ದಿನ ಆ ಮಾತೆತ್ತಲಿಲ್ಲ. ಹೇಳಿದ ಕೆಲಸ ಮಾಡಿದಳು, ಎಣಿಕೆ ಬರೆದಳು, ಐವತ್ತು, ಅರವತ್ತು, ಅವನಿಗೆ ಬೇಕಾದದ್ದನ್ನೇ. ಅವಳೊಳಗೆ ಏನೋ ಸಣ್ಣಗೆ ಹದಗೊಳ್ಳುತ್ತಿತ್ತು. ಅದನ್ನು ದುಃಖ ಎಂದು ಕರೆಯಬೇಡಿ. ಅವನು ಆ ಹೆಂಗಸಿನ ಮುಂದೆ ಬೀಳುವುದನ್ನು ನೋಡಬೇಕು ಎಂಬ ಆಸೆ ಅದು. ಅದರ ರುಚಿ ಅವಳಿಗೆ ಹತ್ತಿತು. ಹೆಸರಿನ ಆಸೆಗಿಂತ ಅದು ಹೆಚ್ಚು ಹತ್ತಿತು ಎಂದರೂ ತಪ್ಪಿಲ್ಲ.

ಮೇಡಂ ಬರುವ ದಿನ ಬೆಳಿಗ್ಗೆ ಅವಳು ಅವನ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿದಳು, ಊಟಕ್ಕೆ ಕಾಣೆ ಮೀನು ತರಿಸಿದಳು. ಮಂಗೇಶ ಗುಂಡಿ ಹಾಕಿಕೊಳ್ಳುತ್ತ, ತಾಯಿ ಹಿತ್ತಿಲಿಗೆ ಹೋದದ್ದನ್ನು ನೋಡಿಕೊಂಡು, ಧ್ವನಿ ತಗ್ಗಿಸಿ, ವರ್ಷಗಳಿಂದ ಮಾತಾಡದ ಮೆದು ದನಿಯಲ್ಲಿ ಕೇಳಿದ, "ಪೂರ್ಣಿ, ಮೊನ್ನೆ ನೀ ಹೇಳಿದ್ದು... ಗಾಳಿದು... ಆಮೇಲೆ ಮತ್ತೆ ಹಾಗೆ ಆಗಿತ್ತಾ?"

ಇದೇ ಗಳಿಗೆ. ಆಗ ಅವಳು ಹೌದು ಎಂದಿದ್ದರೆ ಮೇಡಮ್ಮಿಗೆ ಒಂದು ಫೋನು ಮಾಡಿ ಬರುವ ವಾರ ಬನ್ನಿ ಎನ್ನಬಹುದಿತ್ತು. ಅವನು ಕೇಳಿದ್ದು ಭಯದಿಂದ, ಆದರೂ ಕೇಳಿದ್ದ.

"ಇಲ್ಲ" ಎಂದಳು ಪೂರ್ಣಿಮಾ. "ಎಲ್ಲಾ ಸರಿ ಅದೆ. ನೀವು ಹೆದ್ರಬೇಡಿ."

ಅವನು ಉಸಿರು ಬಿಟ್ಟ. ಅವಳು ಅವನ ಕಾಲರು ಸರಿ ಮಾಡಿದಳು.

ವೈಜಯಂತಿ ಮೇಡಂ ಹತ್ತು ಗಂಟೆಗೆ ಕಾರಿನಲ್ಲಿ ಬಂದರು. ಎಪ್ಪತ್ತು ದಾಟಿದವರು, ಕತ್ತರಿಸಿದ ಬಿಳಿ ಕೂದಲು, ಕೈಯಲ್ಲೊಂದು ಹಳೇ ಚರ್ಮದ ಚೀಲ. ಚಾ ಬೇಡ, ಊಟ ಬೇಡ, ಮೊದಲು ಯಂತ್ರ ತೋರಿಸಿ ಎಂದರು. ಪೂರ್ಣಿಮಾಳಿಗೆ ಶೆಡ್ಡಿನೊಳಗೆ ಬರಬಾರದೆಂದು ಅಪ್ಪಣೆಯಾಗಿತ್ತು. ಅವಳು ಬಾಗಿಲ ಹೊರಗೆ ನೀರಿನ ತಂಬಿಗೆ ಹಿಡಿದು ನಿಂತಳು, ನಾಗಿ ಬಾವಿಕಟ್ಟೆಯ ಮೇಲೆ ಕೂತಳು.

ಮೇಡಂ ಪಾತ್ರೆಯ ಗಾಜಿಗೆ ಟಾರ್ಚು ಹಿಡಿದು ಬಹಳ ಹೊತ್ತು ನೋಡಿದರು. "ಈ ಗೂಡು ಕಟ್ಟಿದ್ದು ಯಾರು? ಇಂಥ ಗಂಟನ್ನು ನಾನು ಎಲ್ಲೂ ನೋಡಿಲ್ಲ."

"ನಾನೇ ಮೇಡಂ" ಎಂದ ಮಂಗೇಶ.

ಹೊರಗೆ ನಿಂತವಳು ಒಂದು ಹೆಜ್ಜೆ ಮುಂದಿಟ್ಟಳು. ಅವಳು ತಡೆದುಕೊಂಡಳು. ಇನ್ನು ಸ್ವಲ್ಪ ಹೊತ್ತು ಎಂದು ತನಗೇ ಹೇಳಿಕೊಂಡಳು.

ಯಂತ್ರ ಶುರುವಾಯಿತು. ಟಿವಿಯಲ್ಲಿ ನಕ್ಷತ್ರ ಹೊಳೆಯಿತು, ಕೌಂಟರ್ ಅರವತ್ತೊಂದು ಎಣಿಸಿತು. ಮಂಗೇಶ ಮೇಡಮ್ಮಿನ ಮುಖವನ್ನೇ ನೋಡುತ್ತಿದ್ದ. ಅವರು ಗಡಿಯಾರ ನೋಡಿ ಬರೆದುಕೊಂಡು, ಏನೂ ವಿಶೇಷವಿಲ್ಲದ ಧ್ವನಿಯಲ್ಲಿ, "ಈಗ ಗ್ಯಾಸು ಪೂರ್ತಿ ಮುಚ್ಚಿ, ಸ್ವಲ್ಪ ಗಾಳಿ ಬಿಟ್ಟು ಓಡಿಸಿ" ಎಂದರು.

"ಗಾಳಿ ಎಂತಕೆ ಮೇಡಂ?"

"ಓಡಿಸಿ."

ಐವತ್ತೆಂಟು. ಮೇಡಂ ಇನ್ನೊಮ್ಮೆ ಓಡಿಸಲು ಹೇಳಿದರು. ಐವತ್ತನಾಲ್ಕು. ಪೂರ್ಣಿಮಾ ಹೊಸ್ತಿಲ ತನಕ ಬಂದು ಗಂಡನನ್ನು ನೋಡಿದಳು. ಇಸ್ತ್ರಿಯ ಶರ್ಟು ಬೆನ್ನಿಗೆ ಅಂಟಿತ್ತು, ಬಾಯಿ ಅರ್ಧ ತೆರೆದಿತ್ತು. ಅವಳಿಗೆ ಸಂತೋಷವಾಯಿತು. ಹೊಟ್ಟೆ ತುಂಬುವಷ್ಟು ಸಂತೋಷವಾಯಿತು.

"ಇದಕ್ಕೇನು ಹೇಳುತ್ತೀರಿ?" ಎಂದರು ಮೇಡಂ.

ಮಂಗೇಶ ತಿರುಗಿದ. ಹೊಸ್ತಿಲಲ್ಲಿ ನಿಂತ ಹೆಂಡತಿ ಕಣ್ಣಿಗೆ ಬಿದ್ದಳು. ಮುಳುಗುವವನಿಗೆ ಹಲಗೆ ಸಿಕ್ಕಂತಾಯಿತು. "ಕೌಂಟರ್ ವೈರಿಂಗ್ ಎಲ್ಲ ಇವಳದ್ದು ಮೇಡಂ. ನಾ ಕಾಲೇಜಿಗೆ ಹೋದಾಗ ಇವಳೇ ಕೂತು ಮಾಡಿದ್ದು, ಇವಳೇ ಎಣಿಸೂದು. ಪೂರ್ಣಿಮಾ ಅಂತ ಇವಳ ಹೆಸರು. ಬೇಕಾದ್ರೆ ಬರ್ಕೊಳ್ಳಿ."

ಒಂದು ವರ್ಷ ಅವಳು ಕಾದ ಹೆಸರು ಅವನ ಬಾಯಿಂದ ಹೀಗೆ ಹೊರಬಿತ್ತು.

ಮೇಡಂ ಅವಳನ್ನು ಒಳಗೆ ಕರೆದರು. ಅವಳ ಕೈ ಹಿಡಿದು ಬೆರಳ ತುದಿಗಳನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಗೂಡು ಕಟ್ಟಿದ್ದು ನೀನು."

"ಹೌದು."

"ಕೌಂಟರಿನ ವೈರಿಂಗು?"

"ಅದೊಂದು ನಂದಲ್ಲ. ಗಾಳಿ ಹಾಕಿ ಓಡ್ಸಿದ್ರೂ ಎಣಿಸ್ತದೆ ಅಂತ ನಂಗೆ ಗೊತ್ತಿತ್ತು. ಎಂಟು ದಿನ ಆಯ್ತು. ಇವ್ರಿಗೆ ಹೇಳಿದ್ದೆ. ಬರ್ದಿಟ್ಟದ್ದನ್ನ ಒಲೆಗೆ ಹಾಕಿದ್ರು." ಈ ಮಾತಿಗಾಗಿಯೇ ಅವಳು ಇಷ್ಟು ದಿನ ಬಾಯಿ ಕಟ್ಟಿದ್ದಳು. ಹೇಳಿ ಗಂಡನ ಕಡೆ ನೋಡಿದಳು.

"ಸುಳ್ಳು!" ಎಂದ ಮಂಗೇಶ. "ಇವತ್ತು ಬೆಳಿಗ್ಗೆ ನಾನೇ ಕೇಳಿದ್ದೆ ಮೇಡಂ. ಎಲ್ಲಾ ಸರಿ ಅದೆ ಅಂತ ಹೇಳಿದ್ದು ಇವಳೇ."

ಮೇಡಂ ಅವಳನ್ನೇ ನೋಡಿದರು. "ಹಾಗೆ ಹೇಳಿದೆಯಾ?"

ಪೂರ್ಣಿಮಾ ಸುಳ್ಳು ಹೇಳಬಹುದಿತ್ತು. ಆ ಮುದುಕಿಯ ಕಣ್ಣೆದುರು ಅವಳಿಗೆ ಆಗಲಿಲ್ಲ. "ಹೇಳಿದೆ" ಎಂದಳು.

ಮೇಡಂ ಕೈ ಬಿಟ್ಟರು. ಕುರ್ಚಿಯ ಮೇಲೆ ಕೂತು ಕಾಗದ ತೆಗೆದು ಬರೆಯತೊಡಗಿದರು. "ನ್ಯೂಟ್ರಾನಿನ ಪಟ್ಟಿಗೆ ಇಲ್ಲ. ನಕ್ಷತ್ರ ಹೊತ್ತಿದೆ, ಅದನ್ನು ಕೆಳಗಿನ ಪಟ್ಟಿಗೆ ಬರೆದುಕೊಡುತ್ತೇನೆ, ಮಂಗೇಶನ ಹೆಸರಿಗೆ."

"ನಾ ಕಟ್ಟಿದ ಗೂಡು" ಎಂದಳು ಪೂರ್ಣಿಮಾ.

"ಅದು ಗೊತ್ತಾಯಿತು. ಇಬ್ಬರ ಹೆಸರೂ ಬರೆಯುವವಳಿದ್ದೆ, ನಿನ್ನದನ್ನು ಮೊದಲು. ಇವನು ಸುಳ್ಳುಗಾರ, ಹೇಡಿ. ಅಂಥವರನ್ನು ಕಾಗದದಲ್ಲಿ ಹೇಗೋ ಸಂಭಾಳಿಸಬಹುದು. ಆದರೆ ತಪ್ಪು ಎಣಿಕೆ ಎಂದು ತಿಳಿದೂ ಸರಿಯಿದೆ ಎಂದವರ ಹೆಸರನ್ನು ನಾನು ಮೂವತ್ತು ವರ್ಷದಲ್ಲಿ ಎಲ್ಲಿಯೂ ಬರೆದಿಲ್ಲ. ಯಾರ ಮೇಲಿನ ಸಿಟ್ಟಿಗೆ ಹೇಳಿದೆ ಅನ್ನುವುದು ನನಗೆ ಬೇಕಾಗಿಲ್ಲ." ಸಹಿ ಹಾಕಿ ಮಂಗೇಶನ ಕೈಗೆ ಕೊಟ್ಟು ಎದ್ದರು. "ಒಂದು ಮನೆಗೆ ನಾನು ಎರಡನೇ ಸಲ ಹೋಗುವವಳಲ್ಲ." ಕಾರು ಹೊರಟು ಹೋಯಿತು. ಕಾಣೆ ಮೀನು ಯಾರೂ ತಿನ್ನಲಿಲ್ಲ.

ಮಂಗೇಶ ಕಾಗದವನ್ನು ಹಿಡಿದು ಮುಖ ಗೋಡೆಗೆ ಮಾಡಿ ಮಲಗಿದ. ನಾಗಿ ಅವನ ತಲೆಯ ಹತ್ತಿರ ಕೂತು ಬೀಸಣಿಗೆ ಬೀಸುತ್ತ, ಇಂಥ ಹಾವನ್ನು ಮಾಜಾಳಿಯಿಂದ ತಂದೆನಲ್ಲಾ ಎಂದು ಸಂಜೆಯ ತನಕ ಬಿಡದೆ ಬೈದಳು.

ಪೂರ್ಣಿಮಾ ಬಾವಿಕಟ್ಟೆಯ ಬಳಿ ಕೂತಿದ್ದಳು. ಅತ್ತು ಮುಗಿದಿತ್ತು. ಉಳಿದದ್ದು ಒಂದೇ, ಗಂಡನ ಯಂತ್ರದಲ್ಲಿ ಏನೂ ಇರಲಿಲ್ಲ, ಸೊನ್ನೆ, ಎಂಬುದನ್ನು ಕಣ್ಣಾರೆ ನೋಡುವ ಆಸೆ. ಪೈಪಿಗೆ ಕಟ್ಟಿದ ಎರಡು ತಂತಿ ಅವಳ ಮೂಗಿನ ಎದುರೇ ಇದ್ದವು. ಕರೆಂಟಿನ ಗಲಾಟೆ ಈ ಒಂದೇ ಪೈಪಿನಿಂದ ಕೌಂಟರಿಗೆ ಹತ್ತುತ್ತಿದೆಯೇನೋ ಎಂದು ಎಂಟು ದಿನದಿಂದ ಅನುಮಾನವಿತ್ತು, ಸೇಡಿನ ಗುಂಗಿನಲ್ಲಿ ಮುಟ್ಟಿರಲಿಲ್ಲ. ಈಗ ಕೌಂಟರಿನ ತಂತಿಯನ್ನು ಬಿಚ್ಚಿ ದೂ‌ರ ಒಯ್ದಳು. ಬಟ್ಟೆ ಒಗೆದ ನೀರು ನಿಂತು ಸದಾ ಒದ್ದೆಯಿರುವ ನೆಲದಲ್ಲಿ ಒಂದು ಕಬ್ಬಿಣದ ಸಲಾಕೆ ಹೊಡೆದು ಅದಕ್ಕೆ ಕಟ್ಟಿದಳು. ಹತ್ತು ನಿಮಿಷದ ಕೆಲಸ.

ಮೊದಲು ಗಾಳಿ ಬಿಟ್ಟು ಓಡಿಸಿದಳು. ಕೌಂಟರ್ ಒಂದು ಎಣಿಸಿತು. ಇನ್ನೊಂದು ನಿಮಿಷ, ಎರಡು. ಗಲಾಟೆ ನಿಂತಿತ್ತು. ಅವಳು ತೃಪ್ತಿಯಿಂದ ಗ್ಯಾಸು ತೆರೆದಳು.

ಹನ್ನೆರಡು.

ಅವಳು ಕಣ್ಣೊರೆಸಿಕೊಂಡು ಮತ್ತೆ ಗಾಳಿಗೆ ಬದಲಾಯಿಸಿದಳು. ಒಂದು. ಮತ್ತೆ ಗ್ಯಾಸು. ಹದಿಮೂರು. ಮತ್ತೆ ಗ್ಯಾಸು. ಹನ್ನೆರಡು. ಆರು ಸಲ ನೋಡಿದಳು. ನ್ಯೂಟ್ರಾನು ಇತ್ತು. ಮೊದಲ ದಿನದಿಂದಲೂ ಇತ್ತು, ಆ ಸುಳ್ಳು ಐವತ್ತರ ಗಲಾಟೆಯ ಅಡಿಯಲ್ಲಿ. ಬೆಳಿಗ್ಗೆ ಅವನು ಕೇಳಿದಾಗ ಹೌದು ಎಂದು ಬಿಟ್ಟಿದ್ದರೆ, ಇಬ್ಬರೂ ಕೂತು ಈ ತಂತಿ ಬಿಚ್ಚಿದ್ದರೆ, ಮೇಲಿನ ಪಟ್ಟಿಯಲ್ಲಿ ಅವಳ ಹೆಸರು ಮೊದಲು ಬರುತ್ತಿತ್ತು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಪಂಪಿನ ಸದ್ದು ಕೇಳಿ ಮಂಗೇಶ ಎದ್ದು ಬಂದಿದ್ದ. ಬಾಗಿಲಲ್ಲಿ ನಿಂತ ಅವನ ಕಣ್ಣು ಊದಿತ್ತು. ಒಳಗೆ ಬರುವ ಧೈರ್ಯವಿರಲಿಲ್ಲ. "ಎಂತಾ ತೋರಿಸ್ತದೆ?" ಎಂದ.

ಪೂರ್ಣಿಮಾ ಸ್ವಿಚ್ಚು ಆರಿಸಿದಳು. "ಎಂತದೂ ಇಲ್ಲ. ಸೊನ್ನೆ."

"ಒಂದೂ ಇಲ್ಲಾ?"

"ಇಲ್ಲ. ಮೊದ್ಲಿಂದ್ಲೂ ಇರ್ಲಿಲ್ಲ."

ಮಂಗೇಶ ಬಾಗಿಲ ಚೌಕಟ್ಟು ಹಿಡಿದುಕೊಂಡ. "ನಾಳೆ ನಾನೊಂದ್ಸಲ ಗ್ಯಾಸ್ ಹಾಕಿ ನೋಡ್ತೆ" ಎಂದು ಗೊಣಗಿ, ಕಾಲೆಳೆಯುತ್ತ ಒಳಗೆ ಹೋದ.

ಆ ಸಿಲಿಂಡರು ಸಿಕ್ಕಲು ಎರಡು ವರ್ಷ ಹಿಡಿದಿತ್ತು. ಕಾಲೇಜಿನ ಪ್ರಿನ್ಸಿಪಾಲರ ಕಾಲು ಹಿಡಿದು ಪತ್ರ ಬರೆಸಿ ಗೋವಾದಿಂದ ತರಿಸಿದ್ದು, ಇನ್ನೊಂದು ಸಲ ಪತ್ರ ಕೊಡುವುದಿಲ್ಲ ಎಂದು ಅವರು ಹೇಳಿಯಾಗಿತ್ತು. ಪೂರ್ಣಿಮಾ ಅದನ್ನು ಕೊಳವೆಯಿಂದ ಬಿಚ್ಚಿ, ಮಗುವನ್ನು ಎತ್ತಿಕೊಂಡ ಹಾಗೆ ಸೊಂಟದ ಮೇಲಿಟ್ಟುಕೊಂಡು ಹಿತ್ತಿಲ ಬಯಲಿಗೆ ಹೋದಳು. ಪಾನಾದಿಂದ ಅದರ ಬಾಯಿ ಪೂರ್ತಿ ತಿರುವಿದಳು. ಗ್ಯಾಸು ಸುಯ್ಯೆಂದು ಸಮುದ್ರದ ಗಾಳಿಯಲ್ಲಿ ಸೇರಿ ಹೋಗುವ ತನಕ ಹಿಡಿದುಕೊಂಡೇ ನಿಂತಳು. ಖಾಲಿಯಾದ ಮೇಲೆ ಬಾಯಿಯನ್ನು ಮೊದಲಿನಷ್ಟೇ ಬಿಗಿಯಾಗಿ ಮುಚ್ಚಿ, ಇದ್ದ ಜಾಗದಲ್ಲೇ ಇಟ್ಟು ಕೊಳವೆ ಜೋಡಿಸಿ, ರಾತ್ರಿಯ ಅಕ್ಕಿ ತೊಳೆಯಲು ಒಳಗೆ ಹೋದಳು.